ವಾರಾನ್ನಕ್ಕೆ ಬಂದ ಪಾದ್ರಿ

ಕನ್ನಡದಲ್ಲಿ 'ವಾರ' ಎಂಬ ಮಾತಿಗೆ ಅರ್ಥಗಳು ಹಲವು. ಏಳು ದಿನಗಳ ಕಟ್ಟೂ ವಾರ, ಅದರೊಳಗಿನ ಒಂದೊಂದು ದಿನವೂ ವಾರ. ಮನೆದೇವರಿಗೆ ಮೀಸಲಾದ ದಿನದಂದು ಒಪ್ಪೊತ್ತು ಇರುವುದು ವಾರ ಮಾಡುವುದು. ಬಡ ವಿದ್ಯಾರ್ಥಿ ಏಳು ದಿನ ಏಳು ಮನೆಗಳಲ್ಲಿ ಉಂಡು ಓದು ಮುಂದುವರಿಸುವುದು ವಾರಾನ್ನ. ಈ ಕೊನೆಯ ಅರ್ಥವನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬಿನ್ನಹ. ನಾನು ಹೇಳಹೊರಟಿರುವುದು ಕೊಡಲೆಂದು ಬಂದು ಬೇಡುವವನಾದ ಒಬ್ಬ ತರುಣನ ವಿಷಯ.

1853ರಲ್ಲಿ ಫೆರ್ಡಿನಂಡ್ ಕಿಟೆಲ್ ಧಾರವಾಡಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಉತ್ತರ ಜರ್ಮನಿಯ ಕಡಲತಡಿಯ ಪ್ರಾಂತ್ಯವೊಂದರಲ್ಲಿ, ಪಾದ್ರಿಯ ಮನೆಯಲ್ಲಿ ಹುಟ್ಟಿದವರು. ಗ್ರೀಕ್, ಲ್ಯಾಟಿನ್, ಹೀಬ್ರೂಗಳನ್ನು ಓದಿದವರು. ಅವರನ್ನು ಕಳಿಸಿದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನಲ್ಲಿ 1815ರಲ್ಲಿ ಸ್ಥಾಪನೆಗೊಂಡಿತ್ತು. ಅದರ ಮೊದಲ ಮೂವರು 1834ರಲ್ಲಿ ನಮ್ಮ ಕರಾವಳಿಗೆ ಬಂದಿಳಿದಿದ್ದರು. ಅಲ್ಲಿಂದ ಮೂರು ವರ್ಷಕ್ಕೆ ಧಾರವಾಡದಲ್ಲಿ ಠಾಣೆ ಏರ್ಪಟ್ಟಿತು. ಸುತ್ತ ಎರೆಭೂಮಿ, ಹತ್ತಿ, ಜೋಳ, ಮಳೆ ಬಂದರೆ ಚಕ್ಕಡಿಯ ಗಾಲಿ ಹೂತುಹೋಗುವ ದಾರಿ.

ಅಂಥ ಠಾಣೆಯ ತರುಣ ಪಾದ್ರಿಯ ವಾರ ಹೇಗಿರುತ್ತಿತ್ತು? ನಾನು ಹೇಳುವುದು ಯಾವುದೋ ಒಂದು ನಿರ್ದಿಷ್ಟ ವಾರದ ದಿನಚರಿಯಲ್ಲ. ಮಿಷನ್ನಿನ ಕೆಲಸದ ಸಾಮಾನ್ಯ ಕ್ರಮ. ಭಾನುವಾರ ಆರಾಧನೆ, ಉಪದೇಶ. ಮಿಕ್ಕ ದಿನಗಳಲ್ಲಿ ಮುನ್ಶಿಯ ಮುಂದೆ ಕುಳಿತು ಕನ್ನಡದ ಪಾಠ. ಶಾಲೆಯ ಮಕ್ಕಳ ಮೇಲ್ವಿಚಾರಣೆ. ಬೀದಿಯಲ್ಲಿ, ಸಂತೆಯಲ್ಲಿ ಬೋಧನೆ. ಸಮಯ ಒದಗಿದಾಗ ಹಳ್ಳಿಗಳ ಸಂಚಾರ, ಜಾತ್ರೆಗಳ ಭೇಟಿ. ಇದೆಲ್ಲದರ ವರದಿ ಬಾಸೆಲಿನ ಸಮಿತಿಗೆ. ತರುಣ ಅವಿವಾಹಿತನಾಗಿಯೇ ಹಡಗು ಹತ್ತಬೇಕು. ಮದುವೆಗೂ ಸಮಿತಿಯ ಅಪ್ಪಣೆ ಬೇಕು. ಒಂಟಿತನವೂ ಸೇವೆಯ ಒಂದು ಭಾಗವೇ ಆಗಿತ್ತು.

ಹೀಗೆ ಭಾನುವಾರದ ಗೂಟಕ್ಕೆ ಕಟ್ಟಿದ ವಾರವೊಂದನ್ನು ಆತ ತನ್ನೊಡನೆ ತಂದಿದ್ದ. ಆದರೆ ಹಳ್ಳಿಗೆ ತನ್ನದೇ ಆದ ವಾರವಿತ್ತು. ಆ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲ ಮೇಲೆ ನೊಗವಿಡುವುದಿಲ್ಲ. ವಿಶ್ರಾಂತಿಯ ದಿನವೊಂದು ಪವಿತ್ರವೆಂಬುದನ್ನು ಕಲಿಸಲು ಬಂದವನಿಗೆ, ಮೂಕಪ್ರಾಣಿಗೂ ಅಂಥ ದಿನವನ್ನು ಬಿಟ್ಟುಕೊಟ್ಟ ಒಕ್ಕಲು ಎದುರಾಯಿತು. ಮತ್ತೊಂದು ದಿನ ಸಂತೆ. ಹಳ್ಳಿಯವರ ಲೇವಾದೇವಿ, ಬೀಗರ ಭೇಟಿ, ಸುದ್ದಿ, ಜಗಳ, ಎಲ್ಲವೂ ಅದಕ್ಕೇ ಕಾದಿರುತ್ತಿದ್ದವು. ಪಾದ್ರಿಯ ವಾರ ಗುಡಿಯ ಗಂಟೆಯಿಂದ ಆರಂಭವಾದರೆ, ರೈತನ ವಾರ ಸಂತೆಯ ಗದ್ದಲದಲ್ಲಿ ತುಂಬಿಬರುತ್ತಿತ್ತು. ಇವೆರಡೂ ಕೂಡುತ್ತಿದ್ದುದು ಸಂತೆಯಲ್ಲಿಯೇ.

ಈ ಕೂಟ ಯಾವಾಗಲೂ ಸವಿಯಾಗಿತ್ತೆಂದು ಹೇಳಲಾಗದು. ಆಳುವವರ ಬಣ್ಣದವನೊಬ್ಬ ನಿಂತು ಕೇಳುವವರ ದೇವರುಗಳನ್ನು ಹಳಿದಾಗ ಅವರ ಮನಸ್ಸು ನೋಯದೆ ಇರುತ್ತದೆಯೆ? ಮೇಲಾಗಿ ಆ ಜನ ಬರಿಗೈಯವರಲ್ಲ. ವಚನ, ತತ್ತ್ವಪದ, ದಾಸರ ಪದಗಳನ್ನು ಕಿವಿಯಲ್ಲಿ ತುಂಬಿಕೊಂಡೇ ಸಂತೆಗೆ ಬಂದವರು. ಒಲಿದು ಬಂದವರು ಕೆಲವರೇ. ಅವರು ತೆತ್ತ ಬೆಲೆಯೂ ಸಣ್ಣದಲ್ಲ: ಮನೆ, ನಂಟು, ಕಸಬು ಎಲ್ಲವೂ ಒಂದೇ ದಿನದಲ್ಲಿ ಕಳಚಿಬಿಡಬಹುದಾಗಿತ್ತು. ಹೊಸ ಮತಕ್ಕೆ ಬಂದವರಿಗೆ ಹೊಟ್ಟೆಪಾಡಿನ ದಾರಿ ತೋರಿಸಬೇಕಾದುದರಿಂದಲೇ ಮಿಷನ್ ನೇಯ್ಗೆಗೆ ಕೈಹಾಕಿತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಇಂದಿಗೂ 'ಮಂಗಳೂರು ಹೆಂಚು' ಎಂಬ ಮಾತಿನ ಹಿಂದೆ ಆ ನಿರಾಶ್ರಿತರ ಬೆವರಿದೆ.

ಕಿಟೆಲ್ಲರ ಕಷ್ಟ ಮತ್ತೊಂದು ಬಗೆಯದು. ಜನರ ನಡುವೆ ಜನರಂತೆಯೇ ಬಾಳಬೇಕು, ಅವರ ಮಾತನ್ನು ಅವರಂತೆಯೇ ಅರಿಯಬೇಕು ಎಂಬ ಅವರ ಹಂಬಲ ಹಿರಿಯ ಸಹೋದ್ಯೋಗಿಗಳಿಗೆ ಒಪ್ಪಿಗೆಯಾಗಲಿಲ್ಲ. ಇದೇ ಮಿಷನ್ನಿನಲ್ಲಿ ಅವರಿಗೆ ಮೇಲ್ಪಂಕ್ತಿ ಇರಲಿಲ್ಲವೆಂದಲ್ಲ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದರು. ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಆದರೂ ಮತಪ್ರಚಾರಕ್ಕೆ ಬಂದವನು ಭಾಷೆಯ ಬೆನ್ನುಹತ್ತಿ ಹೋದರೆ ಕಳಿಸಿದವರಿಗೆ ಕಳವಳ. ಭಾಷೆ ಅವರ ಪಾಲಿಗೆ ಸಾಧನ. ಈ ತರುಣನಿಗಾದರೋ ಅದೇ ಸಾಧನೆಯಾಗುತ್ತ ಬಂದಿತು.

ಫಲ ತಡವಾಗಿ ಬಂದಿತು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳುವ 'ಕಥಾಮಾಲೆ'. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ದ ಸಂಪಾದನೆ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'. 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಬಂದಾಗ ಇಪ್ಪತ್ತೊಂದರ ಹುಡುಗ. ನಿಘಂಟು ಮುಗಿಯುವಾಗ ಅರವತ್ತು ದಾಟಿದ ವೃದ್ಧ.

ಆ ನಿಘಂಟನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಅಲ್ಲಿ ಹಳಗನ್ನಡ ಕವಿಗಳ ಮಾತಿನ ಪಕ್ಕದಲ್ಲಿಯೇ ನೊಗ, ಮಿಣಿ, ಕುಂಟೆ, ಕೂರಿಗೆಗಳಿವೆ. ಇದು ಮೈಸೂರು ಸೀಮೆಯ ಮಾತು, ಇದು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ಧಾರವಾಡ ಸೀಮೆಯದು ಎಂಬ ಗುರುತುಗಳಿವೆ. ಅರ್ಥ ಬಿಡಿಸಲು ಗಾದೆಗಳು ಸಾಲುಗಟ್ಟಿ ನಿಂತಿವೆ. ಕಾವ್ಯದ ಮಾತು ಓಲೆಗರಿಯಲ್ಲಿ ದೊರೆತೀತು. ಕೂರಿಗೆ ಏನು, ಅದನ್ನು ಹೂಡುವುದು ಹೇಗೆ ಎಂಬುದನ್ನು ಬಿತ್ತುವವನೇ ಹೇಳಬೇಕು. ಹೇಳಲು ಬಂದವನು ಕೇಳಲು ನಿಂತಲ್ಲದೆ ಆ ಪುಟಗಳು ತುಂಬುವಂತಿರಲಿಲ್ಲ.

ಆದುದರಿಂದಲೇ ನಾನು ಅವರನ್ನು ವಾರಾನ್ನದ ವಿದ್ಯಾರ್ಥಿ ಎಂದುದು. ಒಂದು ಮನೆಯಲ್ಲಿ ಮುನ್ಶಿ ವ್ಯಾಕರಣ ಬಡಿಸಿದ, ಮತ್ತೊಂದರಲ್ಲಿ ಒಕ್ಕಲಿಗ ಗಾದೆ ಬಡಿಸಿದ, ಸಂತೆಯಲ್ಲಿ ವಾದಕ್ಕೆ ನಿಂತವನು ಬೈಗುಳವನ್ನೇ ಬಡಿಸಿರಬಹುದು, ಅದೂ ಭಾಷೆಯೇ. ಉಂಡ ಋಣವನ್ನು ಈ ವಿದ್ಯಾರ್ಥಿ ಬಡ್ಡಿಸಮೇತ ತೀರಿಸಿದ. ಇದರಿಂದ ಮತಾಂತರದ ನೋವುಗಳು ಇಲ್ಲವಾಗುವುದಿಲ್ಲ, ಪರಕೀಯ ಆಳ್ವಿಕೆಯ ನೆರಳೂ ಅಳಿಯುವುದಿಲ್ಲ. ಎರಡು ಲೆಕ್ಕಗಳನ್ನೂ ಬೇರೆ ಬೇರೆಯಾಗಿಯೇ ಬರೆದಿಡುವುದು ಪ್ರಾಮಾಣಿಕತೆ.

ಆದರೆ ಸೇವೆಗೆಂದು ಪರಸ್ಥಳಕ್ಕೆ, ಪರದೇಶದ ಹಳ್ಳಿಗೆ ಹೊರಡುವ ಯಾವ ತರುಣನಿಗಾದರೂ ಈ ಚರಿತ್ರೆಯಲ್ಲಿ ಒಂದು ಮಾತಿದೆ. ಕೊಟ್ಟೆನೆಂದುಕೊಂಡದ್ದು ಉಳಿಯುತ್ತದೆಯೋ ಇಲ್ಲವೋ; ವಿನಯದಿಂದ ಪಡೆದದ್ದು ಉಳಿಯುತ್ತದೆ. ಕಿಟೆಲ್ 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಅವರ ಹೆಸರು ನಿಘಂಟಿನ ಮೇಲಿದೆ. ಕೂರಿಗೆಯನ್ನು ಬಿಡಿಸಿ ಹೇಳಿದ ಆ ರೈತನ ಹೆಸರು ನಮಗೆ ಉಳಿದಿಲ್ಲ. ಅವನ ಮಾತು ಉಳಿದಿದೆ.