ಬೆರಳ ತುದಿಯ ಒಂದು ಹನಿ



ಕಳೆದ ತಿಂಗಳು ನಮ್ಮ ಕಾಲೇಜಿನ ಶಿಬಿರದಲ್ಲಿ ನಾನು ಪ್ರಥಮ ಬಾರಿಗೆ ರಕ್ತದಾನ ಮಾಡಿದೆ. ಆ ಅನುಭವವನ್ನು ಇಲ್ಲಿ ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಸೂಜಿಯ ಕುರಿತು ಹೇಳಲು ಹೆಚ್ಚೇನೂ ಇಲ್ಲ. ಕ್ಷಣಕಾಲದ ನೋವು, ಹತ್ತು ನಿಮಿಷದ ವಿಶ್ರಾಂತಿ, ಒಂದು ಲೋಟ ಹಣ್ಣಿನ ರಸ, ಅಷ್ಟೇ. ಅದಕ್ಕಿಂತ ಮುಂಚೆ ನಡೆದುದನ್ನೇ ನಾನು ಹೇಳಬಯಸುತ್ತೇನೆ.

ಮನೆಯಲ್ಲಿ ಅಜ್ಜಿಯ ವಿರೋಧವಿತ್ತು. ನಾಳೆ ಮದುವೆಯಾಗಿ ಹೋಗಬೇಕಾದ ಹುಡುಗಿ ರಕ್ತ ಕೊಟ್ಟು ಬತ್ತಿ ಹೋದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ, ಅದರಲ್ಲಿ ತೆಗೆಯುವುದು 350 ಮಿಲಿಲೀಟರ್ ಮಾತ್ರ, ಅದರ ದ್ರವಾಂಶವು ಒಂದೆರಡು ದಿನಗಳಲ್ಲಿಯೂ ಕೆಂಪು ಕಣಗಳು ಕೆಲವು ವಾರಗಳಲ್ಲಿಯೂ ಮತ್ತೆ ತುಂಬಿಕೊಳ್ಳುತ್ತವೆ ಎಂದು ವಿವರಿಸಿದೆ. ತಂದೆಯವರು ಮಸೀದಿಯ ಉಸ್ತಾದರಲ್ಲಿ ವಿಚಾರಿಸಿದರು. ಜೀವ ಉಳಿಸುವ ಅಗತ್ಯಕ್ಕಾಗಿ ಕೊಡಬಹುದು, ಮಾರಬಾರದು ಎಂಬ ಉತ್ತರ ಬಂತು. ದೇಶದ ಕಾನೂನಿನ ನಿಲುವೂ ಅದೇ. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧವಾಗಿದೆ.

ನಮ್ಮ ತರಗತಿಯಿಂದ ಐವರು ಹುಡುಗಿಯರು ಹೋಗಿದ್ದೆವು. 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು. ಅವೆರಡರಲ್ಲೂ ಐವರೂ ತೇರ್ಗಡೆಯಾದೆವು. ಬಳಿಕ ಬೆರಳ ತುದಿಯಿಂದ ಒಂದು ಹನಿ ತೆಗೆದು ಪರೀಕ್ಷಿಸಿದರು. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂ ಆದರೂ ಇರಬೇಕು. ಐವರಲ್ಲಿ ಮೂವರನ್ನು ಹಿಂದಕ್ಕೆ ಕಳುಹಿಸಲಾಯಿತು. ಹುಡುಗರ ಸಾಲಿನಲ್ಲಿ ನಿಂತಿದ್ದ ನಮ್ಮ ಸಹಪಾಠಿಗಳೆಲ್ಲರೂ ಕೊಟ್ಟು ಬಂದರು.

ಆ ಮೂವರು ಆರೋಗ್ಯವಂತರೇ ಎಂದು ನಾನು ಭಾವಿಸಿದ್ದೆ. ಅವರ ಮನೆಯವರೂ ಹಾಗೆಯೇ ತಿಳಿದಿದ್ದರು. ಆದರೆ ಇದು ಮೂವರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ, ಪುರುಷರಲ್ಲಿ ಶೇ. 25. ತಿಂಗಳ ಸ್ರಾವ ಇದಕ್ಕೆ ಒಂದು ಕಾರಣ ನಿಜ. ನಮ್ಮ ಅಡುಗೆಮನೆಯೂ ಒಂದು ಕಾರಣವಲ್ಲವೇ? ಗಂಡಸರು ಉಂಡೆದ್ದ ಬಳಿಕ ಪಾತ್ರೆಯಲ್ಲಿ ಉಳಿಯುವುದು ಸಾರು. ಮಾಂಸದ ತುಂಡುಗಳು ಅದಾಗಲೇ ಮುಗಿದಿರುತ್ತವೆ. ಮದುವೆ ಮಾತುಕತೆಯಲ್ಲಿ ಹುಡುಗಿಗೆ ಎಷ್ಟು ಪವನ್ ಚಿನ್ನ ಎಂದು ಕೇಳುವವರನ್ನು ಕಂಡಿದ್ದೇನೆ, ಹಿಮೋಗ್ಲೋಬಿನ್ ಎಷ್ಟು ಎಂದು ಕೇಳಿದವರನ್ನು ಈ ತನಕ ಕಂಡಿಲ್ಲ.

ಇಂದು ರಕ್ತ ಕೊಡಲಾಗದ ಹುಡುಗಿಯೇ ನಾಳೆ ಹೆರಿಗೆಯ ಕೋಣೆಯಲ್ಲಿ ರಕ್ತ ಬೇಕಾದವಳು. ಇತರರು ತಾಳಿಕೊಳ್ಳಬಲ್ಲಷ್ಟು ರಕ್ತಸ್ರಾವವನ್ನು ರಕ್ತಹೀನಳಾದ ಬಾಣಂತಿ ತಾಳಿಕೊಳ್ಳಲಾರಳು. ಆಗ ನಮ್ಮ ಯುವಕರು ಮಧ್ಯರಾತ್ರಿಯಲ್ಲೂ ಆಸ್ಪತ್ರೆಗೆ ಧಾವಿಸುತ್ತಾರೆ, ಅವರ ಈ ಗುಣವನ್ನು ಮೆಚ್ಚಲೇಬೇಕು. ಆದರೆ ಆ ಗಳಿಗೆಯಲ್ಲಿ ಕೊಟ್ಟ ರಕ್ತವನ್ನು ಕೂಡಲೇ ಏರಿಸುವಂತಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಮುಗಿಯಬೇಕು. ತಾಯಿಯನ್ನು ಉಳಿಸುವುದು ಅದಾಗಲೇ ಶೀತಲ ಪೆಟ್ಟಿಗೆಯಲ್ಲಿರುವ, ಯಾವನೋ ಅಪರಿಚಿತ ಮುಂಚಿತವಾಗಿ ಕೊಟ್ಟಿರುವ ರಕ್ತ. ಅದನ್ನಾದರೂ ಬಹುಕಾಲ ಇಡಲಾಗದು. ಕೆಂಪು ಕಣಗಳ ಆಯುಷ್ಯ 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳದ್ದು ಕೇವಲ 5 ದಿನ.

ಹಿಂದಿರುಗಿದ ಮೂವರಲ್ಲಿ ಇಬ್ಬರು ವೈದ್ಯರನ್ನು ಕಂಡಿದ್ದಾರೆ. ತಾವಾಗಿಯೇ ಮಾತ್ರೆ ತಂದು ನುಂಗದಿರುವುದು ಲೇಸು. ಥಲಸ್ಸೀಮಿಯಾದ ವಾಹಕರಲ್ಲಿಯೂ ಹಿಮೋಗ್ಲೋಬಿನ್ ಕಡಿಮೆಯಿರಬಹುದು, ಅದಕ್ಕೆ ಕಬ್ಬಿಣಾಂಶ ಮದ್ದಲ್ಲ. ಸೋದರ ಸಂಬಂಧದಲ್ಲಿ ಮದುವೆ ನಡೆಯುವ ಕುಟುಂಬಗಳು ಈ ಪರೀಕ್ಷೆಯನ್ನು ವಿಶೇಷವಾಗಿ ಮಾಡಿಸಬೇಕು. ನನ್ನ ಗೆಳತಿಯರಿಬ್ಬರಲ್ಲಿಯೂ ಕಂಡದ್ದು ಕಬ್ಬಿಣಾಂಶದ ಕೊರತೆ. ಊಟವಾದೊಡನೆ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹಿಡಿಯುವುದು ಕಡಿಮೆಯಾಗುತ್ತದೆಂದು ವೈದ್ಯರು ತಿಳಿಸಿದ್ದಾರಂತೆ. ಒಬ್ಬಳ ತಾಯಿ ಊಟದ ಬಳಿಕ ಚಹಾ ಇಡುವುದನ್ನೇ ನಿಲ್ಲಿಸಿದ್ದಾರೆ. ಮನೆಯ ಗಂಡಸರು ಗೊಣಗುತ್ತಿದ್ದಾರೆ.

ಪುರುಷರು 90 ದಿನಗಳ ಬಳಿಕ, ಮಹಿಳೆಯರು 120 ದಿನಗಳ ಬಳಿಕ ಮತ್ತೆ ರಕ್ತ ಕೊಡಬಹುದು. ನನ್ನ 120 ದಿನ ತುಂಬಿದಾಗ ಅವರಿಬ್ಬರೂ ಬೆರಳು ಚಾಚಲು ನನ್ನೊಂದಿಗೆ ಬರುವುದಾಗಿ ಹೇಳಿದ್ದಾರೆ. ಮೂರನೆಯವಳ ಮನೆಯಲ್ಲಿ ಮಾತುಕತೆ ಇನ್ನೂ ನಡೆಯುತ್ತಿದೆ.