ಭೂಕಂಪವೂ ನಮ್ಮ ಮಣ್ಣಿನ ಮಾಳಿಗೆಯೂ
(ಜಾತ್ರಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



1993ರ ಸೆಪ್ಟೆಂಬರ್ 30ರಂದು ನಸುಕಿನ 4 ಗಂಟೆಯ ಸುಮಾರಿಗೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದ ಜನ ದಣಿದು ಮಲಗಿದ್ದರು. ಲಾತೂರು ಮತ್ತು ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಗಳಲ್ಲಿ ಎಂಟರಿಂದ ಹತ್ತು ಸಾವಿರ ಜನ ತೀರಿಹೋದರು. ನಡುಕ ನಮ್ಮ ಸೊಲ್ಲಾಪುರ ಸೀಮೆಗೂ ಮುಟ್ಟಿತು. ಅಂದಿನ ಸರಕಾರಿ ನಕ್ಷೆಯಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು ಎಂಬುದನ್ನು ಮರೆಯಬಾರದು.

ಇಂಥ ಹೊತ್ತಿನಲ್ಲಿ ದೇವರು ಮುನಿದನೆಂದು ಹೇಳುವವರುಂಟು. ತೊಟ್ಟಿಲ ಕೂಸುಗಳೂ ಸತ್ತವಲ್ಲ, ಅವು ಮಾಡಿದ ಪಾಪವೇನು? ನೆಲದಾಳದ ಬಂಡೆಗಳು ಒತ್ತಡ ತಾಳಲಾರದೆ ಸರಿದಾಗ ಭೂಮಿ ನಡುಗುತ್ತದೆ. ಅದನ್ನು ತಡೆಯುವುದಾಗಲಿ, ಇಂಥ ದಿನವೆಂದು ಮೊದಲೇ ಹೇಳುವುದಾಗಲಿ ಯಾರಿಂದಲೂ ಆಗದು. ಆದರೆ ಅಲ್ಲಿ ಜನರ ಪ್ರಾಣ ತೆಗೆದದ್ದು ಹೆಚ್ಚಾಗಿ ಅವರವರ ಮನೆಗಳೇ.

ಅವು ಎಂಥ ಮನೆಗಳು? ನಮ್ಮ ಹಳ್ಳಿಗಳಲ್ಲಿ ಇರುವಂಥವೇ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು, ನಿಜ. ಆದರೆ ಸೋರಬಾರದೆಂದು ಮಣ್ಣಿನ ಮೇಲೆ ಮಣ್ಣು ಹಾಕುತ್ತ ಬಂದರೆ ಮಾಳಿಗೆಯ ಭಾರ ಬೆಳೆಯುತ್ತಲೇ ಹೋಗುತ್ತದೆ. ಗೋಡೆಯ ಒಳಮೈ ಬೇರೆ, ಹೊರಮೈ ಬೇರೆ, ನಡುವೆ ಬರೀ ಚೂರುಕಲ್ಲು. ನೆಲ ಅಲುಗಿದಾಗ ಎರಡೂ ಮೈ ಬಿರಿದು ಬೀಳುತ್ತವೆ. ಮೇಲಿನ ಭಾರವೆಲ್ಲ ಮಲಗಿದವರ ಮೇಲೆ ಕುಸಿಯುತ್ತದೆ.

ಆದ್ದರಿಂದ ತಿಳಿದ ಇಂಜಿನಿಯರರನ್ನು ಕೇಳಿ ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿರಿ. ಗೋಡೆಯ ಎರಡೂ ಮೈ ಹಿಡಿದು ನಿಲ್ಲುವಂತೆ ಅಲ್ಲಲ್ಲಿ ಆರುಪಾರು ಉದ್ದಕಲ್ಲು ಕೂಡಿಸಿರಿ. ಹೊಸ ಮನೆಗೆ ಬಾಗಿಲ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ ಕಬ್ಬಿಣ-ಸಿಮೆಂಟಿನ ಪಟ್ಟಿ ಹಾಕಿಸಿರಿ.

ಇನ್ನು ಊರಿನ ಕೆಲಸ. ಕುಸಿದ ಮನೆಯೊಳಗಿಂದ ಮೊದಲು ಎಳೆದು ತೆಗೆಯುವವರು ನೆರೆಮನೆಯವರೇ. ಸರಕಾರದ ಗಾಡಿ ಬರುವುದು ಆಮೇಲೆ. ತೇರಿನ ದಿನ ಹಗ್ಗಕ್ಕೆ ಯಾರು, ಪ್ರಸಾದಕ್ಕೆ ಯಾರು ಎಂದು ನಮ್ಮ ಸಮಿತಿ ಓಣಿ ಓಣಿಗೆ ಕೆಲಸ ಹಂಚುತ್ತದೆ. ಅದೇ ರೀತಿ ಪ್ರತಿ ಓಣಿಯ ಮುದುಕರು, ಅಂಗವಿಕಲರು, ಬಾಣಂತಿಯರ ಪಟ್ಟಿ ಇರಲಿ. ಗುಡಿಯಲ್ಲಿ ಹಾರೆ, ಸಲಿಕೆ, ಹಗ್ಗ, ಬ್ಯಾಟರಿ ಸದಾ ಸಿದ್ಧವಿರಲಿ. ನಡುಕ ನಿಂತ ಮೇಲೆ ಎಲ್ಲರೂ ತೇರಿನ ಬಯಲಿಗೆ ಬರಬೇಕು; ಹಳೆಯ ಗೋಡೆ, ದೀಪಮಾಲೆಯ ಕಂಬದ ಹತ್ತಿರ ನಿಲ್ಲಬಾರದು. ಮರುನಡುಕ ಬರುವುದುಂಟು, ಒಡವೆ-ವಸ್ತುವಿಗಾಗಿ ಬಿರುಕುಬಿಟ್ಟ ಮನೆಯೊಳಗೆ ಹೋಗಬಾರದು.

ಕಾಪಾಡೆಂದು ದೇವರನ್ನು ಬೇಡೋಣ. ಮುಂದಿನ ಜಾತ್ರೆಯೊಳಗೆ ಒಂದು ಓಣಿಯ ಮಾಳಿಗೆಗಳಾದರೂ ಹಗುರಾದರೆ ಈ ಸೇವೆ ಅವನಿಗೆ ಮುಟ್ಟಿತೆಂದು ನಂಬಿ ನನ್ನ ಮಾತು ಮುಗಿಸುತ್ತೇನೆ.