ಬಾವಿಯ ನೀರು



ರಾಜ್ಯೋತ್ಸವದ ವೇದಿಕೆಯಲ್ಲಿ ಬಾವಿಯ ಮಾತೇಕೆಂದು ತಮಗೆ ಅನ್ನಿಸಬಹುದು. ನುಡಿಯ ವಿಚಾರ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನೀರಿನ ವಿಚಾರವನ್ನು ಇಂದು ನಮಗೆ ಬಿಟ್ಟುಕೊಡಿ.

ಬೀದರಿನ ಕಡೆಯಿಂದ ಈ ಹೈದರಾಬಾದಿಗೆ ಬಂದು ನೆಲೆಸಿದವರಿಗೆ ಮಾಂಜ್ರಾ ನದಿಯ ಪರಿಚಯ ಹೇಳಬೇಕಾಗಿಲ್ಲ. ಬೀದರ ಜಿಲ್ಲೆಯನ್ನು ಹಾದು ಅದು ಇತ್ತ ತೆಲಂಗಾಣಕ್ಕೆ ಇಳಿಯುತ್ತದೆ. ಇಲ್ಲಿ ಅದನ್ನು ಸೇರುವ ಒಂದು ಹಳ್ಳದ ಹೆಸರು ನಕ್ಕವಾಗು, ನರಿಹಳ್ಳವೆಂದು ಅರ್ಥ. ನಗರದ ವಾಯವ್ಯಕ್ಕೆ, ಪಟಾನ್‌ಚೆರುವಿನ ಸುತ್ತ, 1970ರ ದಶಕದಿಂದ ಕಾರ್ಖಾನೆಗಳು ಎದ್ದವು. ಅನ್ನವನ್ನೂ ಕೊಟ್ಟವು, ಸುಳ್ಳಾಡಬಾರದು. ನಮ್ಮವರೂ ಅಲ್ಲಿ ದುಡಿದಿದ್ದಾರೆ. ಆದರೆ ಅವುಗಳ ಕೊಳಚೆ ಹಳ್ಳಕ್ಕೆ ಹರಿದು, ನೆಲಕ್ಕೆ ಇಂಗಿ, ಹಳ್ಳಿಗಳ ಬಾವಿಯನ್ನು ಸೇರಿತು. 1990ರಲ್ಲಿ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಾವಿಯಿದ್ದ ಹಳ್ಳಿಗಳಿಗೇ ಹೊರಗಿನಿಂದ ನೀರು ಒದಗಿಸಬೇಕಾಯಿತು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ ಅಳತೆಯಂತೆ, ಅಲ್ಲಿಯ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಾಸಿನ್ ಔಷಧಿಯಿತ್ತು. ಅದನ್ನು ನುಂಗಿದ ರೋಗಿಯ ರಕ್ತದಲ್ಲಿರುವುದಕ್ಕಿಂತ ಇದು ಹೆಚ್ಚು! 2009ರ ವರದಿಯಲ್ಲಿ ಸುತ್ತಲಿನ ಬಾವಿಗಳಲ್ಲೂ ಔಷಧಿಗಳ ಅಂಶ ಕಂಡಿತು.

"ಕುದಿಸಿ ಕುಡಿದರಾಯಿತು" ಎನ್ನುವ ತಾಯಂದಿರು ನಮ್ಮಲ್ಲಿದ್ದಾರೆ. ಅಮ್ಮಾ, ಕುದಿಸಿದರೆ ಸಾಯುವುದು ಕ್ರಿಮಿ. ಸೀಸ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಅಂಶ ಹೆಚ್ಚುತ್ತದೆ. ತಿಳಿಯಾಗಿದೆ, ರುಚಿ ಕೆಟ್ಟಿಲ್ಲ ಎಂದು ನಂಬುವಂತೆಯೂ ಇಲ್ಲ. ಇಲ್ಲಿಯ ಕಗ್ಗಲ್ಲಿನ ಬಿರುಕುಗಳಲ್ಲಿ ನೀರು ಹರಿಯುವ ದಾರಿ ಕಣ್ಣಿಗೆ ಕಾಣದು. ಒಮ್ಮೆ ಹೊಕ್ಕ ವಿಷವನ್ನು ತೆಗೆಯಲು ವರ್ಷಗಳೇ ಬೇಕು.

ಕಾರ್ಖಾನೆಗಳನ್ನು ಬೈದು ಮನೆಗೆ ಹೋಗುವುದು ಸುಲಭ. ವಠಾರದ ಬಾವಿಯ ಪಕ್ಕದಲ್ಲಿ ಸ್ಕೂಟರಿನ ಹಳೆಯ ಎಣ್ಣೆ ಚೆಲ್ಲಿದವರು ನಾವೇ ಅಲ್ಲವೆ? ಬತ್ತಿದ ಕೊಳವೆಬಾವಿಯ ಬಾಯಿ ತೆರೆದುಬಿಟ್ಟು ಕಸ ತುಂಬಿದವರೂ ನಾವೇ. ಮೇಲಿನ ಹೊಲಸು ನೆಲದೊಳಗಿನ ನೀರಿಗೆ ಇಳಿಯಲು ಅದಕ್ಕಿಂತ ನೇರವಾದ ದಾರಿಯಿಲ್ಲ. ಅದನ್ನು ಜೇಡಿಮಣ್ಣು, ಸಿಮೆಂಟು ಹಾಕಿ ಮುಚ್ಚಿಸಬೇಕು. ಊರಿಗೆ ಹೋದಾಗ ಅಣ್ಣತಮ್ಮಂದಿರಿಗೂ ಹೇಳೋಣ: ಬೆಳೆಗೆ ಔಷಧಿ ಹೊಡೆದ ಪಂಪನ್ನು ಬಾವಿಕಟ್ಟೆಯ ಮೇಲೆ ತೊಳೆಯಬೇಡಿ, ಅದರ ಖಾಲಿ ಡಬ್ಬಿಯಲ್ಲಿ ನೀರು ತುಂಬಬೇಡಿ.

ಇನ್ನೊಂದು ಬಿನ್ನಹ. ಬಾವಿಯಾಗಲಿ ಕೊಳವೆಬಾವಿಯಾಗಲಿ ಇರುವ ಮನೆಯವರು ಕಾರ್ಯದರ್ಶಿಗಳಲ್ಲಿ ಇಂದೇ ಹೆಸರು ಬರೆಸಿ. ಪ್ರಯೋಗಾಲಯದವರು ಹೇಳಿದ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸೋಣ. ಖರ್ಚನ್ನು ಸಂಘವೇ ಹೊರಲಿ. ಈ ವರ್ಷದ ನಾಟಕದ ಪರದೆಯಲ್ಲಿ ಅಷ್ಟು ಉಳಿಸಬಹುದೆಂದು ಖಜಾಂಚಿಗಳು ಆಗಲೇ ತಲೆಯಾಡಿಸಿದ್ದಾರೆ.